ಬೌದ್ಧ ಧರ್ಮ ಮತ್ತು ಪಶ್ಚಿಮ: ಪದೇ ಪದೇ ಕೇಳುವ ಪ್ರಶ್ನೆಗಳು

ಬೌದ್ಧ ಧರ್ಮ ಪಶ್ಚಿಮ ದೇಶಗಳಿಗೆ ಹೋದದ್ದು ಹೇಗೆ, ಅಲ್ಲಿ ಏನಾಯಿತು, ಅಲ್ಲಿಂದ ನಮ್ಮ ಕಡೆಗೆ ಏನು ವಾಪಸ್ ಬಂತು ಅಂತ ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಆ ಪ್ರಶ್ನೆಗಳಿಗೆ ಇಲ್ಲಿ ಒಂದೇ ಕಡೆ ಉತ್ತರ ಇದೆ. ಈ ಇತಿಹಾಸ ಹೇಳುವಾಗ ಯೂರೋಪಿನವರ ಹೆಸರು ಉಳಿದು ಏಷ್ಯಾದವರ ಹೆಸರು ಬಿಟ್ಟುಹೋಗುವುದೇ ಜಾಸ್ತಿ. ಅದು ತಪ್ಪು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಆದ್ದರಿಂದ ಆ ಹೆಸರುಗಳನ್ನು ಬೇಕೆಂದೇ ಹೇಳಿದ್ದೇನೆ.

ಪಶ್ಚಿಮದವರಿಗೆ ಬೌದ್ಧ ಧರ್ಮದ ಸುದ್ದಿ ಮೊದಲು ಮುಟ್ಟಿದ್ದು ಯಾವಾಗ?

ಅಶೋಕನ ಕಾಲದಲ್ಲಿ, ಅಂದರೆ ಕ್ರಿ.ಪೂ. 3ನೇ ಶತಮಾನದಲ್ಲಿ. ಅವನ 13ನೇ ಬಂಡೆ ಶಾಸನದಲ್ಲಿ ಐದು ಗ್ರೀಕ್ ರಾಜರ ಹೆಸರಿದೆ. ಸಿರಿಯಾದ ಆಂಟಿಯೋಕಸ್ 'ಅಂತಿಯೋಕ' ಆಗಿದ್ದಾನೆ, ಈಜಿಪ್ಟಿನ ಟಾಲೆಮಿ 'ತುರಮಾಯ' ಆಗಿದ್ದಾನೆ. ಅವರ ರಾಜ್ಯಗಳಿಗೆ ತನ್ನ ದೂತರು ಹೋಗಿದ್ದಾರೆ ಅಂತ ಅಶೋಕ ಹೇಳಿಕೊಂಡಿದ್ದಾನೆ.

ಅಫ್ಘಾನಿಸ್ತಾನದ ಕಂದಹಾರದಲ್ಲಿ 1958ರಲ್ಲಿ ಅಶೋಕನ ಒಂದು ಶಾಸನ ಸಿಕ್ಕಿತು. ಅದು ಗ್ರೀಕ್ ಮತ್ತು ಅರಮೇಯಿಕ್ ಭಾಷೆಗಳಲ್ಲಿದೆ. ಆಮೇಲೆ ಅಲ್ಲೇ ಇನ್ನೊಂದು ಕಲ್ಲು ಸಿಕ್ಕಿತು. ಅದರಲ್ಲಿ 12ನೇ ಶಾಸನದ ಕೊನೆ ಭಾಗ ಗ್ರೀಕ್‌ನಲ್ಲಿದೆ. ನಿಮ್ಮ ಮತವನ್ನು ಹೊಗಳಿಕೊಂಡು ಬೇರೆಯವರ ಮತವನ್ನು ಹಳಿಯಬೇಡಿ, ನಾಲಿಗೆ ಬಿಗಿಹಿಡಿಯಿರಿ ಅನ್ನುವುದು ಆ ಶಾಸನದ ಸಾರ. ಇದೇ 12ನೇ ಶಾಸನ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಇದೆ, ಪ್ರಾಕೃತದಲ್ಲಿ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ ಕುಸಿಯಿತು. ಆಗ ನೋಡಿದರೆ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನ! ಭೀಮಾ ತೀರದವರಿಗೂ ಕಂದಹಾರದ ಗ್ರೀಕರಿಗೂ ಒಬ್ಬನೇ ರಾಜ ಒಂದೇ ಮಾತನ್ನು ಅವರವರ ಭಾಷೆಯಲ್ಲಿ ಹೇಳಿದ್ದ.

ಗ್ರೀಕ್ ರಾಜರು ನಿಜಕ್ಕೂ ಬೌದ್ಧರಾಗಿದ್ದರಾ?

ಈ ಪ್ರಶ್ನೆ ಬರುವುದು ಮಿನಾಂಡರನಿಂದ. ಪಾಳಿ ಗ್ರಂಥದಲ್ಲಿ ಅವನೇ ಮಿಲಿಂದ. ಕ್ರಿ.ಪೂ. 2ನೇ ಶತಮಾನದಲ್ಲಿ ವಾಯವ್ಯ ಭಾರತವನ್ನು ಆಳಿದ ಗ್ರೀಕ್ ರಾಜ. ನಾಗಸೇನ ಎಂಬ ಭಿಕ್ಷುವಿಗೆ ಅವನು ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಾನೆ. 'ನಾಗಸೇನ ಅಂದರೆ ಯಾರು? ಕೂದಲಾ, ಉಗುರಾ, ಹಲ್ಲಾ?' ಅನ್ನುತ್ತಾನೆ. ಭಿಕ್ಷು ತಿರುಗಿ ಕೇಳುತ್ತಾನೆ: 'ನೀನು ರಥದಲ್ಲಿ ಬಂದೆಯಲ್ಲ, ರಥ ಅಂದರೆ ಯಾವುದು? ಗಾಲಿಯಾ, ಅಚ್ಚಾ, ನೊಗವಾ?' ಗ್ರಂಥದ ಪ್ರಕಾರ ರಾಜ ಕೊನೆಗೆ ಬೌದ್ಧನಾಗುತ್ತಾನೆ. ಅವನ ನಾಣ್ಯಗಳಲ್ಲಿ ಮಾತ್ರ ಗ್ರೀಕ್ ದೇವತೆ ಅಥೀನಾಳೇ ಜಾಸ್ತಿ ಕಾಣುತ್ತಾಳೆ.

ರಾಜರನ್ನು ಬಿಟ್ಟು ಸಾಮಾನ್ಯರನ್ನು ನೋಡಿದರೆ ಸಾಕ್ಷಿ ಇನ್ನೂ ಗಟ್ಟಿ. ಮಹಾರಾಷ್ಟ್ರದ ಕಾರ್ಲೆ ಗುಹೆಯ ಕಂಬಗಳ ಮೇಲೆ 'ಇದು ಯವನನ ದಾನ' ಅಂತ ಕೆತ್ತಿದೆ. ಯವನ ಅಂದರೆ ಗ್ರೀಕ. ಒಂದಲ್ಲ, ಹಲವು ಕಂಬಗಳ ಮೇಲೆ.

ಬುದ್ಧನ ಮೂರ್ತಿ ಮಾಡುವುದನ್ನು ಗ್ರೀಕರು ಕಲಿಸಿದರಂತೆ, ಹೌದಾ?

ಇದು ನೂರು ವರ್ಷದ ಜಗಳ. ಸಾಂಚಿಯಂಥ ಹಳೆಯ ಸ್ತೂಪಗಳಲ್ಲಿ ಬುದ್ಧನ ಆಕಾರ ಇಲ್ಲ. ಪಾದದ ಗುರುತು, ಖಾಲಿ ಪೀಠ, ಬೋಧಿವೃಕ್ಷ ಇವೆ. ಮೂರ್ತಿಗಳು ಕ್ರಿ.ಶ. 1ನೇ ಶತಮಾನದ ಹೊತ್ತಿಗೆ ಗಾಂಧಾರದಲ್ಲೂ ಮಥುರೆಯಲ್ಲೂ ಕಾಣಿಸಿಕೊಳ್ಳುತ್ತವೆ. ಫ್ರೆಂಚ್ ವಿದ್ವಾಂಸ ಫೂಶೆ ಇದು ಗ್ರೀಕರ ಕೊಡುಗೆ ಅಂದ. ಕಲಾ ಇತಿಹಾಸಕಾರ ಆನಂದ ಕುಮಾರಸ್ವಾಮಿ 1927ರಲ್ಲಿ ಅದನ್ನು ಒಪ್ಪದೆ, ಯಕ್ಷರ ಮೂರ್ತಿಗಳ ದೇಸಿ ಪರಂಪರೆಯನ್ನು ಎದುರಿಗೆ ಇಟ್ಟರು. ಗಾಂಧಾರದ ಬುದ್ಧನ ಮೈಮೇಲಿನ ಬಟ್ಟೆಯ ನೆರಿಗೆಯಲ್ಲಿ ಗ್ರೀಕ್, ರೋಮನ್ ಕೈಚಳಕ ಎದ್ದು ಕಾಣುತ್ತದೆ. ಅಲ್ಲಿನ ಶಿಲ್ಪಗಳಲ್ಲಿ ಬುದ್ಧನ ಕಾವಲಿಗಿರುವ ವಜ್ರಪಾಣಿ ಎಷ್ಟೋ ಕಡೆ ಥೇಟ್ ಗ್ರೀಕ್ ವೀರ ಹೆರಾಕ್ಲೀಸ್. ಮಥುರೆಯ ಬುದ್ಧ ಮಾತ್ರ ಪೂರ್ತಿ ಈ ನೆಲದವನು. ನನಗೆ ಕುಮಾರಸ್ವಾಮಿಯವರ ವಾದವೇ ಹೆಚ್ಚು ಸರಿ ಅನ್ನಿಸುತ್ತದೆ.

ಯೇಸು ಭಾರತಕ್ಕೆ ಬಂದು ಬೌದ್ಧರ ಹತ್ತಿರ ಕಲಿತಿದ್ದು ನಿಜವಾ?

ಇಲ್ಲ. ಈ ಕಥೆ ಹಬ್ಬಿಸಿದ್ದು ನಿಕೊಲಾಯ್ ನೊಟೊವಿಚ್ ಎಂಬ ರಷ್ಯನ್, 1894ರ ಪುಸ್ತಕದಲ್ಲಿ. ಲಡಾಖಿನ ಹೆಮಿಸ್ ಮಠದಲ್ಲಿ ಹಳೆಯ ಹಸ್ತಪ್ರತಿ ನೋಡಿದೆ ಅಂದ. ಮರುವರ್ಷವೇ ಆಗ್ರಾದ ಪ್ರಾಧ್ಯಾಪಕ ಡಗ್ಲಾಸ್ ಹೆಮಿಸ್‌ಗೆ ಹೋಗಿ ಮಠದ ಮುಖ್ಯ ಲಾಮಾರನ್ನೇ ಕೇಳಿದ. ಅಂಥ ಪುಸ್ತಕವೇ ಇಲ್ಲ ಅಂತ ಅವರು ಖಂಡಿತವಾಗಿ ಹೇಳಿದರು.

ಬುದ್ಧ ಕ್ರೈಸ್ತರ ಸಂತನಾಗಿದ್ದ ಅಂತ ಎಲ್ಲೋ ಓದಿದೆ. ಇದೂ ಕಟ್ಟುಕಥೆಯಾ?

ಇದು ನಿಜ. ಇಡೀ ಇತಿಹಾಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗವೂ ಇದೇ.

ಮಧ್ಯಯುಗದ ಯೂರೋಪಿನಲ್ಲಿ ಬರ್ಲಾಮ್ ಮತ್ತು ಜೋಸಫಾತ್ ಎಂಬ ಇಬ್ಬರು ಸಂತರ ಕಥೆ ಮನೆಮಾತಾಗಿತ್ತು. ಭಾರತದಲ್ಲಿ ಅಬೆನ್ನರ್ ಎಂಬ ರಾಜ. ಅವನಿಗೊಬ್ಬ ಮಗ ಹುಟ್ಟುತ್ತಾನೆ, ಹೆಸರು ಜೋಸಫಾತ್. ಈ ಮಗು ದೊಡ್ಡ ರಾಜನಾಗುವುದಿಲ್ಲ, ಸಂನ್ಯಾಸಿಯಾಗುತ್ತಾನೆ ಅಂತ ಜ್ಯೋತಿಷಿ ಹೇಳುತ್ತಾನೆ. ರಾಜ ಮಗನನ್ನು ಅರಮನೆಯೊಳಗೇ ಬೆಳೆಸುತ್ತಾನೆ, ರೋಗ, ಮುಪ್ಪು, ಸಾವು ಕಣ್ಣಿಗೆ ಬೀಳದಂತೆ. ಒಂದು ದಿನ ಹುಡುಗ ಹೊರಗೆ ಹೋದಾಗ ರೋಗಿಗಳನ್ನು, ಹಣ್ಣು ಹಣ್ಣು ಮುದುಕನನ್ನು ನೋಡುತ್ತಾನೆ. ಮನಸ್ಸು ಕಲಕುತ್ತದೆ. ಬರ್ಲಾಮ್ ಎಂಬ ಸಂನ್ಯಾಸಿ ವ್ಯಾಪಾರಿ ವೇಷದಲ್ಲಿ ಬಂದು, ಬೆಲೆಬಾಳುವ ರತ್ನ ತಂದಿದ್ದೇನೆ ಅಂತ ಒಳಗೆ ಸೇರುತ್ತಾನೆ. ರಾಜಕುಮಾರ ಕೊನೆಗೆ ರಾಜ್ಯ ಬಿಟ್ಟು ಕಾಡಿಗೆ ಹೋಗುತ್ತಾನೆ.

ಕಥೆ ಯಾರದ್ದು ಅಂತ ನಮ್ಮ ಶಾಲೆ ಮಕ್ಕಳೂ ಹೇಳುತ್ತಾರೆ, ಅಲ್ವಾ? ಅದು ದಾಟಿದ ಹಾದಿ ಮಾತ್ರ ಬಲು ಉದ್ದ. ಬೌದ್ಧರ 'ಬೋಧಿಸತ್ವ' ಮಧ್ಯ ಏಷ್ಯಾ, ಪರ್ಷಿಯಾ ದಾಟುವಾಗ 'ಬೂದಾಸಫ್' ಆಯಿತು. ಅರಬ್ಬಿ ಬರವಣಿಗೆಯಲ್ಲಿ ಒಂದು ಚುಕ್ಕೆ ಹೆಚ್ಚುಕಮ್ಮಿಯಾದರೆ 'ಬ' ಹೋಗಿ 'ಯ' ಆಗುತ್ತದೆ. ಹಾಗೆ 'ಯೂದಾಸಫ್' ಆಯಿತು. ಜಾರ್ಜಿಯಾದ ಕ್ರೈಸ್ತ ಸಂನ್ಯಾಸಿಗಳು ಅದನ್ನು ಕ್ರೈಸ್ತ ಕಥೆ ಮಾಡಿದರು. ಅಲ್ಲಿಂದ ಗ್ರೀಕ್, ಗ್ರೀಕ್‌ನಿಂದ 11ನೇ ಶತಮಾನದಲ್ಲಿ ಲ್ಯಾಟಿನ್, ಆಮೇಲೆ ಯೂರೋಪಿನ ಬಹುತೇಕ ಎಲ್ಲ ಭಾಷೆಗಳು. ರೋಮನ್ ಕ್ಯಾಥೊಲಿಕ್ ಸಂತರ ಪಟ್ಟಿಯಲ್ಲಿ ನವೆಂಬರ್ 27 ಇವರ ದಿನವಾಯಿತು. 1571ರಲ್ಲಿ ವೆನಿಸ್‌ನ ಆಡಳಿತಗಾರ ಪೋರ್ಚುಗಲ್ ರಾಜನಿಗೆ ಸಂತ ಜೋಸಫಾತನ ಮೂಳೆ ಅಂತ ಒಂದನ್ನು ಉಡುಗೊರೆಯಾಗಿ ಕೊಟ್ಟ.

ಈ ಹೋಲಿಕೆಯನ್ನು ಪೋರ್ಚುಗೀಸ್ ಇತಿಹಾಸಕಾರ ದಿಯೊಗೊ ದೊ ಕೌಟೊ 17ನೇ ಶತಮಾನದ ಶುರುವಿನಲ್ಲೇ ಗಮನಿಸಿದ್ದ. ಅವನು ಗೋವಾದಲ್ಲಿದ್ದವನು. ಯೂರೋಪಿನ ವಿದ್ವಾಂಸರು ಇದನ್ನು ಖಚಿತವಾಗಿ ತೋರಿಸಿಕೊಟ್ಟಿದ್ದು 1860ರ ಸುಮಾರಿಗೆ. ಅಂದರೆ ನೂರಾರು ವರ್ಷ ಯೂರೋಪಿನ ಜನ ಬುದ್ಧನ ಬಾಳನ್ನು ಮೆಚ್ಚಿ, ಅವನು ಯಾರೆಂದು ಗೊತ್ತಿಲ್ಲದೆಯೇ ಪ್ರಾರ್ಥಿಸಿದರು.

ಪಾದ್ರಿಗಳು ಬೌದ್ಧ ಧರ್ಮವನ್ನು ಬರೀ ಹಳಿದರಾ?

ಬಹಳ ಜನ ಹಳಿದರು. ಆದರೆ ಇಪ್ಪೊಲಿತೊ ದೆಸಿದೇರಿಯನ್ನು ಮರೆಯಬಾರದು. ಇಟಲಿಯ ಈ ಜೆಸ್ವಿಟ್ ಪಾದ್ರಿ 1716ರಲ್ಲಿ ಲ್ಹಾಸಾ ಮುಟ್ಟಿದ. ಸೆರಾ ಮಠದಲ್ಲಿದ್ದು ಟಿಬೆಟನ್ ಕಲಿತ, ಭಿಕ್ಷುಗಳ ತರ್ಕದ ಜಗಳಗಳನ್ನು ಕೂತು ನೋಡಿದ. ಅವರ ಗ್ರಂಥಗಳನ್ನು ಓದಿ, ಅವರದೇ ಭಾಷೆಯಲ್ಲಿ, ಅವರದೇ ವಾದದ ಕ್ರಮದಲ್ಲಿ ಪುಸ್ತಕ ಬರೆದ. ಮತಾಂತರಿಸುವುದೇ ಅವನ ಗುರಿಯಾಗಿತ್ತು, ನಿಜ. ಆದರೂ ಎದುರಿನವನನ್ನು ಅಷ್ಟು ಆಳವಾಗಿ ಓದಿದ ಪಾದ್ರಿ ಸಿಗುವುದು ಅಪರೂಪ. ಅವನ ಬರಹಗಳು ಯೂರೋಪಿನಲ್ಲಿ ಅಚ್ಚಾಗದೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಮೂಲೆ ಸೇರಿದ್ದವು.

ಬೌದ್ಧ ಧರ್ಮವನ್ನು ಮತ್ತೆ 'ಕಂಡುಹಿಡಿದವರು' ಬ್ರಿಟಿಷರೇ ಅಲ್ಲವಾ?

ಈ ಮಾತನ್ನು ನಾನು ಒಪ್ಪುವುದಿಲ್ಲ. ಭಾರತದ ಬಹುಭಾಗದಲ್ಲಿ ಬೌದ್ಧ ಧರ್ಮದ ನೆನಪು ಅಳಿಸಿಹೋಗಿತ್ತು, ಸರಿ. ಆದರೆ ಶ್ರೀಲಂಕಾ, ಬರ್ಮಾ, ಟಿಬೆಟ್, ನೇಪಾಳ, ಜಪಾನ್ ಎಲ್ಲ ಕಡೆ ಅದು ದಿನನಿತ್ಯದ ಬದುಕಾಗಿತ್ತು. ಕಳೆದೇ ಹೋಗದ್ದನ್ನು ಹುಡುಕುವುದೆಲ್ಲಿ ಬಂತು?

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ. ಶಾಸನಗಳಲ್ಲಿ 'ದೇವಾನಾಂಪಿಯ ಪಿಯದಸಿ' ಎಂಬ ರಾಜ ಸಿಕ್ಕಿದ. ಯಾರು ಇವನು? ಅದು ಅಶೋಕ ಅಂತ ಹೇಳಲು ಸಾಧ್ಯವಾದದ್ದು ಶ್ರೀಲಂಕಾದಲ್ಲಿದ್ದ ಅಧಿಕಾರಿ ಜಾರ್ಜ್ ಟರ್ನರ್‌ನಿಂದ. ಟರ್ನರ್‌ಗೆ ಗೊತ್ತಾಗಿದ್ದು ಪಾಳಿ ಚರಿತ್ರೆಗಳಿಂದ. ಆ ಚರಿತ್ರೆಗಳನ್ನು ತಲೆಮಾರುಗಳ ಕಾಲ ತಾಳೆಗರಿಯಲ್ಲಿ ನಕಲು ಮಾಡಿ ಉಳಿಸಿದವರು ಸಿಂಹಳದ ಭಿಕ್ಷುಗಳು. ಕಲ್ಲಿನ ಮೇಲೆಯೇ 'ಅಶೋಕ' ಎಂಬ ಹೆಸರು ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಬಿತ್ತು.

ನೇಪಾಳದಲ್ಲೂ ಇದೇ ಕಥೆ. ಬ್ರಿಟಿಷ್ ಅಧಿಕಾರಿ ಬ್ರಯಾನ್ ಹಾಡ್ಜ್‌ಸನ್ ಸಂಸ್ಕೃತ ಬೌದ್ಧ ಹಸ್ತಪ್ರತಿಗಳನ್ನು ಪ್ಯಾರಿಸ್‌ಗೆ ಕಳಿಸಿದ. ಅವನ್ನು ಓದಿ ಫ್ರೆಂಚ್ ವಿದ್ವಾಂಸ ಯೂಜೀನ್ ಬರ್ನೂಫ್ 1844ರಲ್ಲಿ ಭಾರತದ ಬೌದ್ಧ ಧರ್ಮದ ಬಗ್ಗೆ ದೊಡ್ಡ ಪುಸ್ತಕ ಬರೆದ. ಯೂರೋಪಿನ ಬೌದ್ಧ ಅಧ್ಯಯನಕ್ಕೆ ಅದೇ ಅಡಿಪಾಯ. ಹಾಡ್ಜ್‌ಸನ್‌ಗೆ ಹಸ್ತಪ್ರತಿ ಒದಗಿಸಿ, ಅರ್ಥ ಹೇಳಿಕೊಟ್ಟವರು ಪಾಟನ್‌ನ ನೇವಾರ ಪಂಡಿತ ಅಮೃತಾನಂದ. ಬರ್ನೂಫ್ ಹೆಸರು ಬಂದ ಕಡೆಯೆಲ್ಲ ಅಮೃತಾನಂದರ ಹೆಸರೂ ಬರಬೇಕು.

ಗಾಂಧೀಜಿ ಬುದ್ಧನ ಬಗ್ಗೆ ಓದಿದ್ದು ಲಂಡನ್‌ನಲ್ಲಾ?

ಹೌದು. ಎಡ್ವಿನ್ ಆರ್ನಾಲ್ಡ್ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಪ್ರಿನ್ಸಿಪಾಲ್ ಆಗಿದ್ದವನು. 1879ರಲ್ಲಿ ಬುದ್ಧನ ಬಾಳನ್ನು 'ದಿ ಲೈಟ್ ಆಫ್ ಏಷ್ಯಾ' ಅಂತ ಇಂಗ್ಲಿಷ್ ಕಾವ್ಯ ಮಾಡಿದ. ಇಂಗ್ಲೆಂಡ್, ಅಮೆರಿಕದಲ್ಲಿ ಅದು ವಿಪರೀತ ಮಾರಾಟವಾಯಿತು. ಅದಕ್ಕಿಂತ ಮುಂಚೆ ಯೂರೋಪಿನ ಪಂಡಿತರಲ್ಲಿ ಹಲವರು ನಿರ್ವಾಣ ಅಂದರೆ ಬರೀ ಶೂನ್ಯ, ಇದು ನಿರಾಸೆಯ ಧರ್ಮ ಅಂತಲೇ ತಿಳಿದಿದ್ದರು. ಆರ್ನಾಲ್ಡ್‌ನ ಬುದ್ಧ ಕರುಣೆಯ ಮನುಷ್ಯ. ಕಾನೂನು ಓದಲು ಹೋಗಿದ್ದ ಗಾಂಧೀಜಿ ಅದನ್ನು ಲಂಡನ್‌ನಲ್ಲಿ ಓದಿ ಮೆಚ್ಚಿದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ.

ಕೊಲಂಬೊ ರೈಲು ನಿಲ್ದಾಣದ ಎದುರು ಅಮೆರಿಕನ್ ಕರ್ನಲ್ ಪ್ರತಿಮೆ ಯಾಕಿದೆ?

ಅದು ಹೆನ್ರಿ ಸ್ಟೀಲ್ ಆಲ್ಕಾಟ್. ಅಮೆರಿಕದ ಅಂತರ್ಯುದ್ಧದಲ್ಲಿ ಕೆಲಸ ಮಾಡಿದವನು. 1875ರಲ್ಲಿ ನ್ಯೂಯಾರ್ಕ್‌ನಲ್ಲಿ ಬ್ಲಾವಟ್‌ಸ್ಕಿ ಜೊತೆ ಥಿಯಾಸಫಿಕಲ್ ಸೊಸೈಟಿ ಕಟ್ಟಿದ. ಅವನು ಬರುವ ಮೊದಲೇ ಶ್ರೀಲಂಕಾದಲ್ಲಿ ಬೌದ್ಧರು ಎದ್ದು ನಿಂತಿದ್ದರು. 1873ರಲ್ಲಿ ಪಾನದುರೆಯಲ್ಲಿ ಗುಣಾನಂದ ಥೇರರು (ಥೇರ ಅಂದರೆ ಹಿರಿಯ ಭಿಕ್ಷು) ಸಾವಿರಾರು ಜನರ ಎದುರು ಪಾದ್ರಿಗಳ ಜೊತೆ ಎರಡು ದಿನ ವಾದ ಮಾಡಿದ್ದರು. ಆ ವಾದದ ಇಂಗ್ಲಿಷ್ ವರದಿ ಓದಿಯೇ ಆಲ್ಕಾಟ್‌ಗೆ ಆಸಕ್ತಿ ಹುಟ್ಟಿದ್ದು. 1880ರ ಮೇ 25ರಂದು ಗಾಲೆಯಲ್ಲಿ ಅವನೂ ಬ್ಲಾವಟ್‌ಸ್ಕಿಯೂ ಪಂಚಶೀಲ, ಅಂದರೆ ಬೌದ್ಧರ ಐದು ನೀತಿಗಳ ವ್ರತ, ತೆಗೆದುಕೊಂಡು ಬೌದ್ಧರಾದರು.

ಆಲ್ಕಾಟ್ ಶಾಲೆಗಳಿಗೆ ದುಡ್ಡು ಎತ್ತಿದ. ಎತ್ತಿನ ಗಾಡಿಯಲ್ಲಿ ಊರೂರು ಸುತ್ತಿದ. ವೆಸಾಕ್ ದಿನಕ್ಕೆ, ಅಂದರೆ ಬುದ್ಧ ಪೂರ್ಣಿಮೆಗೆ, ಸರ್ಕಾರಿ ರಜೆ ಬೇಕು ಅಂತ ಲಂಡನ್‌ಗೆ ಹೋಗಿ ಮನವಿ ಕೊಟ್ಟ. 1885ರಲ್ಲಿ ರಜೆ ಸಿಕ್ಕಿತು. ಇವತ್ತು ಜಗತ್ತಿನ ಎಲ್ಲೆಡೆ ವಿಹಾರಗಳ ಮೇಲೆ ಹಾರುವ ಪಟ್ಟೆಪಟ್ಟೆಯ ಬೌದ್ಧ ಬಾವುಟ ಆ ವರ್ಷದ್ದೇ. ಕೊಲಂಬೊದ ಒಂದು ಸಮಿತಿ ಅದನ್ನು ರೂಪಿಸಿತು, ಆಲ್ಕಾಟ್ ಅಳತೆ ತಿದ್ದಿದ.

1881ರಲ್ಲಿ ಅವನು ಪ್ರಶ್ನೋತ್ತರ ರೂಪದ ಬೌದ್ಧ ಪುಸ್ತಕ ಬರೆದ. ಕ್ರೈಸ್ತರ ಭಾನುವಾರದ ಪಾಠದ ಮಾದರಿಯದು. ಹಿಕ್ಕಡುವೆ ಸುಮಂಗಲ ಥೇರರು ಸಾಲು ಸಾಲು ಪರೀಕ್ಷಿಸಿ ಒಪ್ಪಿಗೆ ಕೊಟ್ಟರು. ಹಳ್ಳಿಯವರ ದೇವರು, ದೆವ್ವ, ಹರಕೆಗೆ ಅದರಲ್ಲಿ ಜಾಗ ಇರಲಿಲ್ಲ. ಬೌದ್ಧ ಧರ್ಮ ಅಂದರೆ ತರ್ಕ, ನೀತಿ, ವಿಜ್ಞಾನಕ್ಕೆ ಹೊಂದುವ ವಿಚಾರ, ಉಳಿದದ್ದೆಲ್ಲ ಮೂಢನಂಬಿಕೆ ಎಂಬ ಈಗಿನ ಅನಿಸಿಕೆಯ ಬೇರು ಈ ಕಾಲದಲ್ಲಿದೆ. ಈ ರೂಪವನ್ನು ಶ್ರೀಲಂಕಾದ ಮಾನವಶಾಸ್ತ್ರಜ್ಞ ಗಣನಾಥ ಒಬೇಶೇಖರ 'ಪ್ರೊಟೆಸ್ಟೆಂಟ್ ಬೌದ್ಧ ಧರ್ಮ' ಅಂತ ಕರೆದರು.

ವಿವೇಕಾನಂದರು ಮಾತಾಡಿದ ಶಿಕಾಗೊ ಸಮ್ಮೇಳನದಲ್ಲಿ ಬೌದ್ಧರೂ ಇದ್ದರಾ?

ಇದ್ದರು. ಶ್ರೀಲಂಕಾದಿಂದ ಅನಗಾರಿಕ ಧರ್ಮಪಾಲ, ಜಪಾನಿನಿಂದ ಶಾಕು ಸೋಯೆನ್ ಮುಂತಾದವರು. ಧರ್ಮಪಾಲರಿಗೆ ಆಗ 29ರ ಸುಮಾರು ವಯಸ್ಸು. ಹುಡುಗನಾಗಿದ್ದಾಗ ಆಲ್ಕಾಟ್‌ಗೆ ದುಭಾಷಿಯಾಗಿ ದುಡಿದವರು. 1891ರಲ್ಲಿ ಬೋಧಗಯೆಯ ಪಾಳು ಸ್ಥಿತಿ ನೋಡಿ ಮಹಾಬೋಧಿ ಸೊಸೈಟಿ ಕಟ್ಟಿದ್ದರು. 1893ರ ಸಮ್ಮೇಳನ ಮುಗಿದ ಮೇಲೆ ಶಿಕಾಗೊದಲ್ಲೇ ಚಾರ್ಲ್ಸ್ ಸ್ಟ್ರಾಸ್ ಎಂಬ ನ್ಯೂಯಾರ್ಕ್ ವ್ಯಾಪಾರಿ ಧರ್ಮಪಾಲರಿಂದ ಪಂಚಶೀಲ ಪಡೆದ. ವಾಪಸ್ ಬರುವಾಗ ಹೊನೊಲುಲು ಬಂದರಿನಲ್ಲಿ ಮೇರಿ ಫಾಸ್ಟರ್ ಎಂಬ ಹವಾಯಿಯ ಶ್ರೀಮಂತೆ ಸಿಕ್ಕರು. ಮುಂದಿನ ದಶಕಗಳಲ್ಲಿ ಧರ್ಮಪಾಲರ ಕೆಲಸಗಳಿಗೆ ಆಕೆಯ ದುಡ್ಡೇ ದೊಡ್ಡ ಆಸರೆ.

ಸೋಯೆನ್ ಅವರ ಭಾಷಣವನ್ನು ಇಂಗ್ಲಿಷ್ ಮಾಡಿದ ಶಿಷ್ಯ ಡಿ.ಟಿ. ಸುಜುಕಿ 1897ರಲ್ಲಿ ತಾನೇ ಅಮೆರಿಕಕ್ಕೆ ಹೋದರು. ಜಪಾನಿನ ಧ್ಯಾನ ಪಂಥವಾದ ಜೆನ್ ಪಶ್ಚಿಮದಲ್ಲಿ ಹೆಸರಾಗಲು ಅವರಷ್ಟು ಕಾರಣ ಬೇರೆ ಯಾರೂ ಅಲ್ಲ.

ಅಮೆರಿಕಕ್ಕೆ ಬೌದ್ಧ ಧರ್ಮ ತಂದವರು ಹಿಪ್ಪಿಗಳು ಅಂತಾರಲ್ಲ?

ಹಿಪ್ಪಿಗಳಿಗಿಂತ ನೂರು ವರ್ಷ ಮೊದಲೇ ಅದು ಅಲ್ಲಿತ್ತು. ಚಿನ್ನ ಹುಡುಕಲು, ರೈಲು ಹಳಿ ಹಾಕಲು ಹೋದ ಚೀನೀ ಕೂಲಿಗಳು 1850ರ ದಶಕದಲ್ಲೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗುಡಿ ಕಟ್ಟಿದ್ದರು. 1882ರ ಕಾನೂನು ಚೀನೀ ಕೂಲಿಗಳು ಬರುವುದನ್ನೇ ತಡೆಯಿತು. 1899ರಲ್ಲಿ ಜಪಾನಿನ ಜೋದೊ ಶಿನ್ಶು ಪಂಥದ ಪುರೋಹಿತರು ಬಂದರು.

1941ರಲ್ಲಿ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದ ಕೂಡಲೇ ಬಂಧನವಾದವರಲ್ಲಿ ಬೌದ್ಧ ಪುರೋಹಿತರು ಇದ್ದರು. ಮರುವರ್ಷ ಸುಮಾರು 1,20,000 ಜಪಾನಿ ಮೂಲದವರನ್ನು ಮನೆಮಠ ಬಿಡಿಸಿ ಮರುಭೂಮಿಯ ಶಿಬಿರಗಳಲ್ಲಿ ಕೂಡಿಹಾಕಿದರು. ಹೆಚ್ಚಿನವರು ಅಮೆರಿಕದ ಪೌರರೇ, ಹೆಚ್ಚಿನವರು ಬೌದ್ಧರು. ಶೆಡ್‌ನಂಥ ಮನೆಗಳಲ್ಲಿ ಬಿಸಾಡಿದ ಮರದ ತುಂಡು ಜೋಡಿಸಿ ಬುದ್ಧನ ಪೀಠ ಮಾಡಿಕೊಂಡರು. ಯೂಟಾ ರಾಜ್ಯದ ಟೊಪಾಜ್ ಶಿಬಿರದಲ್ಲಿ, 1944ರಲ್ಲಿ, ತಮ್ಮ ಸಂಘಕ್ಕೆ 'ಬುದ್ಧಿಸ್ಟ್ ಚರ್ಚಸ್ ಆಫ್ ಅಮೆರಿಕ' ಅಂತ ಹೆಸರಿಟ್ಟರು. ನಾವೂ ಈ ದೇಶದವರೇ ಅಂತ ಮುಳ್ಳುತಂತಿಯ ಒಳಗಿಂದ ಹೇಳಬೇಕಾಗಿ ಬಂತು. ಅಮೆರಿಕದ ಬೌದ್ಧ ಧರ್ಮ ಅಂದಾಗ ಕವಿಗಳು, ಗಿಟಾರು ನೆನಪಾಗುವ ಬದಲು ಈ ಕುಟುಂಬಗಳು ನೆನಪಾಗಬೇಕು.

1950ರ ದಶಕದಲ್ಲಿ ಸುಜುಕಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ಗಿನ್ಸ್‌ಬರ್ಗ್, ಕೆರೊವಾಕ್, ಗ್ಯಾರಿ ಸ್ನೈಡರ್ ಅವರಂಥ ಬರಹಗಾರರಿಗೆ ಜೆನ್ ಹುಚ್ಚು ಹತ್ತಿದ್ದು ಆಗ. 1965ರಲ್ಲಿ ವಲಸೆ ಕಾನೂನು ಸಡಿಲವಾಯಿತು. ಆಮೇಲೆ ವಿಯೆಟ್ನಾಂ, ಥಾಯ್ಲೆಂಡ್, ತೈವಾನ್ ಕಡೆಯವರು ತಮ್ಮ ತಮ್ಮ ವಿಹಾರ ಕಟ್ಟಿಕೊಂಡರು.

ಯೂರೋಪಿನಲ್ಲಿ ಹುಟ್ಟಿನಿಂದಲೇ ಬೌದ್ಧರಾದ ಜನಾಂಗ ಇದೆಯಾ?

ಇದೆ. ರಷ್ಯಾದ ಕಲ್ಮಿಕ್ ಜನ 17ನೇ ಶತಮಾನದಿಂದ ವೋಲ್ಗಾ ನದಿಯ ಕಡೆ ಇದ್ದಾರೆ. 1943ರಲ್ಲಿ ಸ್ಟಾಲಿನ್ ಇಡೀ ಜನಾಂಗವನ್ನೇ ಗಡಿಪಾರು ಮಾಡಿದ. 1957ರ ನಂತರ ವಾಪಸ್ ಬಂದರು. ಅವರ ರಾಜಧಾನಿ ಎಲಿಸ್ತಾ.

ಅಂಬೇಡ್ಕರ್ ಬೌದ್ಧ ಧರ್ಮವೂ ಪಶ್ಚಿಮದ ಪ್ರಭಾವವಾ?

ಅವರು ಕೊಲಂಬಿಯಾದಲ್ಲಿ, ಲಂಡನ್‌ನಲ್ಲಿ ಓದಿದವರು. ಅಲ್ಲಿನ ಗುರು, ಅಮೆರಿಕದ ತತ್ವಜ್ಞಾನಿ ಜಾನ್ ಡ್ಯೂಯಿಯನ್ನು ಕೊನೆತನಕ ನೆನೆದರು. ಆದರೆ 1954ರಲ್ಲಿ ಆಕಾಶವಾಣಿಯಲ್ಲಿ ಮಾತಾಡುತ್ತಾ ಸ್ಪಷ್ಟವಾಗಿ ಹೇಳಿದರು: ಸ್ವಾತಂತ್ರ್ಯ, ಸಮಾನತೆ, ಸಹೋದರತೆ ನನ್ನ ತತ್ವ, ಇದನ್ನು ನಾನು ಫ್ರೆಂಚ್ ಕ್ರಾಂತಿಯಿಂದ ಎರವಲು ತಂದಿಲ್ಲ, ನನ್ನ ಗುರು ಬುದ್ಧನಿಂದ ಪಡೆದೆ. ಅವರ ಮಾತನ್ನೇ ನಂಬೋಣ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ನಡೆಯಿತು. ಎರಡು ತಿಂಗಳೂ ಆಗದೆ, ಡಿಸೆಂಬರ್ 6ರಂದು ಬಾಬಾಸಾಹೇಬರು ತೀರಿಕೊಂಡರು. ಆ ದಿನ ಸಂಘರಕ್ಷಿತ ಎಂಬ ಇಂಗ್ಲಿಷ್ ಭಿಕ್ಷು ನಾಗಪುರದಲ್ಲಿದ್ದರು. ದಿಕ್ಕು ತೋಚದೆ ಅಳುತ್ತಿದ್ದ ಜನರ ಮುಂದೆ ನಿಂತು, ಅಂಬೇಡ್ಕರ್ ಕೆಲಸ ನಿಲ್ಲಬಾರದು ಅಂತ ಸಭೆಯಿಂದ ಸಭೆಗೆ ಹೋಗಿ ಮಾತಾಡಿದರು. 1967ರಲ್ಲಿ ಲಂಡನ್‌ನಲ್ಲಿ ಅವರು ಕಟ್ಟಿದ ಸಂಘ ಈಗ ತ್ರಿರತ್ನ ಎಂಬ ಹೆಸರಿನಲ್ಲಿದೆ.

ಮೈಂಡ್‌ಫುಲ್‌ನೆಸ್ ಅನ್ನುವುದು ಬೌದ್ಧ ಧರ್ಮವೇ ತಾನೇ?

ಮೈಂಡ್‌ಫುಲ್‌ನೆಸ್ ಅಂದರೆ ಉಸಿರನ್ನು, ಮನಸ್ಸನ್ನು ಎಚ್ಚರದಿಂದ ಗಮನಿಸುವ ಅಭ್ಯಾಸ. ಅದರ ಬೇರು ಬೌದ್ಧ ಧರ್ಮದ್ದು. 1885ರಲ್ಲಿ ಬ್ರಿಟಿಷರು ಬರ್ಮಾದ ರಾಜನನ್ನು ಇಳಿಸಿದರು. ಧರ್ಮವನ್ನು ಕಾಯುವ ರಾಜನೇ ಇಲ್ಲವಾದ ಮೇಲೆ ಧರ್ಮ ಉಳಿಯುವುದು ಹೇಗೆ ಎಂಬ ಭಯ ಹುಟ್ಟಿತು. ಲೇಡಿ ಸಯಾಡೊ ಎಂಬ ಭಿಕ್ಷು ಆಗ ಗೃಹಸ್ಥರಿಗೂ ಧ್ಯಾನ ಕಲಿಸತೊಡಗಿದರು. ಅವರ ಪರಂಪರೆಯಲ್ಲಿ ಬಂದವರು ಬರ್ಮಾದ ಅಕೌಂಟೆಂಟ್ ಜನರಲ್ ಆಗಿದ್ದ ಊ ಬಾ ಖಿನ್. ಅವರ ಶಿಷ್ಯ ಎಸ್.ಎನ್. ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ವಿಪಶ್ಯನ ಧ್ಯಾನದ ಶಿಬಿರ ಶುರು ಮಾಡಿದರು. ಇಂಥ ಗುರುಗಳ ಹತ್ತಿರ ಭಾರತದಲ್ಲಿ, ಬರ್ಮಾದಲ್ಲಿ, ಥಾಯ್ಲೆಂಡ್‌ನಲ್ಲಿ ಕೂತು ಕಲಿತ ಅಮೆರಿಕನ್ ಯುವಕರು ಅದನ್ನು ತಮ್ಮೂರಿಗೆ ಒಯ್ದರು. 1979ರಲ್ಲಿ ಜಾನ್ ಕಬಾಟ್-ಜಿನ್ ಮ್ಯಾಸಚೂಸೆಟ್ಸ್‌ನ ವೈದ್ಯಕೀಯ ಕಾಲೇಜಿನಲ್ಲಿ ದೀರ್ಘಕಾಲದ ನೋವಿರುವ ರೋಗಿಗಳಿಗೆ ಇದರ ತರಬೇತಿ ಶುರು ಮಾಡಿದ.

ರೋಗಿಗೆ ನೆಮ್ಮದಿ ಸಿಗುವುದಾದರೆ ಒಳ್ಳೆಯದೇ. ಆದರೆ ಕಂಪನಿಗಳು ಕೆಲಸದ ಹೊರೆ ಇಳಿಸದೆ ಸುಮ್ನೆ ಉಸಿರು ಗಮನಿಸಿ ಅನ್ನುವಾಗ, ಶೀಲವನ್ನೂ ಕರುಣೆಯನ್ನೂ ಬಿಟ್ಟ ಧ್ಯಾನ ಅದು ಅಂತ ಹೇಳಲೇಬೇಕು.

ಐನ್‌ಸ್ಟೈನ್ 'ಬೌದ್ಧ ಧರ್ಮವೇ ಭವಿಷ್ಯದ ಧರ್ಮ' ಅಂದಿದ್ದರಾ? ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿರುತ್ತದೆ.

ಆ ವಾಕ್ಯ ಅವರ ಯಾವ ಬರಹದಲ್ಲೂ ಸಿಕ್ಕಿಲ್ಲ. ದಯವಿಟ್ಟು ಫಾರ್ವರ್ಡ್ ಮಾಡಬೇಡಿ. 1930ರ ಒಂದು ಲೇಖನದಲ್ಲಿ ಅವರು ಬರೆದದ್ದು ಬೇರೆ: ವಿಶ್ವದ ಮುಂದೆ ಹುಟ್ಟುವ ಬೆರಗಿನಂಥ ಧಾರ್ಮಿಕ ಭಾವ ಬೌದ್ಧ ಧರ್ಮದಲ್ಲಿ ಹೆಚ್ಚು ಗಾಢವಾಗಿದೆ, ಇದು ನಮಗೆ ಜರ್ಮನ್ ತತ್ವಜ್ಞಾನಿ ಶೋಪೆನ್‌ಹಾವರ್ ಬರಹಗಳಿಂದ ತಿಳಿದಿದೆ ಅಂತ.

ಕರ್ನಾಟಕಕ್ಕೂ ಈ ಕಥೆಗೂ ಈಗ ಏನು ಸಂಬಂಧ?

ತುಂಬಾ ಇದೆ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಅಂದಿನ ಮೈಸೂರು ರಾಜ್ಯ ಟಿಬೆಟನ್ನರಿಗೆ ಬೈಲಕುಪ್ಪೆಯಲ್ಲಿ ಜಾಗ ಕೊಟ್ಟಿತು. ಮುಂದೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಯೂ ಶಿಬಿರಗಳಾದವು. ಮೊದಲು ಬಂದವರು ಕಾಡು ಕಡಿದು, ಮುಸುಕಿನ ಜೋಳ ಬೆಳೆದು ಬದುಕಿದರು. ದೆಸಿದೇರಿ ಓದಿದ ಅದೇ ಸೆರಾ ಮಠ ಈಗ ಬೈಲಕುಪ್ಪೆಯಲ್ಲಿ ಮತ್ತೆ ಕಟ್ಟಿಕೊಂಡು ನಿಂತಿದೆ. ಡ್ರೆಪುಂಗ್, ಗಾಂದೆನ್ ಮಠಗಳು ಮುಂಡಗೋಡದಲ್ಲಿವೆ. ಇಲ್ಲಿ ಕಲಿತ ಗೆಶೆಗಳು, ಅಂದರೆ ಮಠದ ಉನ್ನತ ಪದವಿ ಪಡೆದ ಭಿಕ್ಷುಗಳು, ಯೂರೋಪ್, ಅಮೆರಿಕದ ಕೇಂದ್ರಗಳಲ್ಲಿ ಪಾಠ ಹೇಳುತ್ತಾರೆ.

ಎದುರು ದಿಕ್ಕಿನ ಓಡಾಟವೂ ಇದೆ. ಲಾಮಾ ಯೇಶೆ ಎಂಬ ಗುರುವಿನ ಪುನರ್ಜನ್ಮ ಅಂತ ಗುರುತಿಸಲ್ಪಟ್ಟ ಸ್ಪೇನ್‌ನ ಹುಡುಗ ಒಸೆಲ್ ಬೆಳೆದು ಓದಿದ್ದು ಬೈಲಕುಪ್ಪೆಯ ಸೆರಾದಲ್ಲಿ. ದೊಡ್ಡವನಾದ ಮೇಲೆ ಕಾವಿ ಬಿಟ್ಟು ಪಶ್ಚಿಮಕ್ಕೆ ವಾಪಸ್ ಹೋದ. 2013ರ ಜನವರಿಯಲ್ಲಿ ಮುಂಡಗೋಡದ ಡ್ರೆಪುಂಗ್‌ನಲ್ಲಿ ದಲೈ ಲಾಮಾ ಮತ್ತು ಪಶ್ಚಿಮದ ವಿಜ್ಞಾನಿಗಳು ದಿನಗಟ್ಟಲೆ ಕೂತು ಮಿದುಳು, ಮನಸ್ಸು, ಭೌತವಿಜ್ಞಾನದ ಬಗ್ಗೆ ಚರ್ಚೆ ಮಾಡಿದರು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರು ಈ ಮಠಗಳ ಭಿಕ್ಷುಗಳಿಗೆ ಜೀವವಿಜ್ಞಾನ, ಭೌತವಿಜ್ಞಾನ ಕಲಿಸುತ್ತಾರೆ.

ಈ ಜಾಗಗಳನ್ನು ಹೋಗಿ ನೋಡಬಹುದಾ?

ಖಂಡಿತ. ಮಸ್ಕಿ ಶಾಸನ ಊರ ಪಕ್ಕದ ಗುಡ್ಡದಲ್ಲಿದೆ. ಸನ್ನತಿಗೆ ಹೋದರೆ ಹತ್ತಿರದ ಕನಗನಹಳ್ಳಿ ಸ್ತೂಪವನ್ನು ಬಿಡಬೇಡಿ. 'ರಾಯ ಅಸೋಕೊ' ಅಂತ ಹೆಸರು ಕೆತ್ತಿದ ಅಶೋಕನ ಉಬ್ಬುಶಿಲ್ಪ ಸಿಕ್ಕಿದ್ದು ಅಲ್ಲೇ. ಬೈಲಕುಪ್ಪೆ ಕುಶಾಲನಗರದ ಪಕ್ಕದಲ್ಲೇ ಇದೆ. ಮಠದಲ್ಲಿ ಭಿಕ್ಷುಗಳ ತರ್ಕ ನಡೆಯುವಾಗ ಅವರು ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುವುದನ್ನು ದೂರದಲ್ಲಿ ನಿಂತು ನೋಡಿ, ಮೊಬೈಲು ಮುಖಕ್ಕೆ ಹಿಡಿಯಬೇಡಿ. ವಿದೇಶದಿಂದ ಬಂದ ಗೆಳೆಯರು ಜೊತೆಗಿದ್ದು ಬೈಲಕುಪ್ಪೆ ಅಥವಾ ಮುಂಡಗೋಡದ ಶಿಬಿರದೊಳಗೆ ಉಳಿಯುವುದಾದರೆ, ಅವರಿಗೆ ಕೇಂದ್ರ ಗೃಹ ಸಚಿವಾಲಯದ ಅನುಮತಿ ಪತ್ರ ಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಪ್ರವಾಸಕ್ಕೆ ಕೆಲವು ತಿಂಗಳು ಮೊದಲೇ ಅರ್ಜಿ ಹಾಕಿಸಿ.